ಇಪ್ಪತ್ತನೇ ಸಂಸಾರ

ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸೋದೇನಂದ್ರೆ, ಇರಾನಿ ಪಂಚಾಂಗದ ಸಾವಿರದ ಮುನ್ನೂರ ಎಂಬತ್ತೈದನೇ ಇಸವಿ ಆಬಾನ್ ತಿಂಗಳ ಒಂಬತ್ತನೇ ತಾರೀಕು, ಹಮದಾನ್ ಸೀಮೆಯ ಆಲೂದರ್ರೆ ಗ್ರಾಮಾಂತರ ಜಿಲ್ಲೆಯಲ್ಲಿ ಒಂದು ತಾಮ್ರದ ತಪ್ಪಲೆ ಕಳುವಾಯ್ತು. ಮುಚ್ಚಳ ಸುರಕ್ಷಿತವಾಗಿತ್ತು. ದೂರುದಾರ ಅದನ್ನ ಗುರುತಿಗೆ ಅಂತ ಕಂಕುಳಲ್ಲೇ ಇಟ್ಕೊಂಡು ಠಾಣೆಗೆ ಬಂದಿದ್ದ.

ಸಮಯ ಬೆಳಿಗ್ಗೆ 7.50. ದೂರುದಾರ ಮಶ್ದಿ ಖುರ್ಬಾನಲಿ, ವಯಸ್ಸು ಎಪ್ಪತ್ತೊಂದು, ಊರು ಸಂಗ್‌ಚೆಶ್ಮೆ. ಇನ್‌ಸ್ಪೆಕ್ಟರ್ ಸುತೂದೆ ಇನ್ನೂ ಚಹಾದ ಮೊದಲ ಗುಟುಕಲ್ಲಿದ್ದ.

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು ಜನಾಬ್, ಕದ್ದವಳು ಮಾಹ್‌ಸುಲ್ತಾನ್. ನಮ್ಮ ಪಕ್ಕದ ಮನೆ."

"ನಿಮಗೇನಾಗ್ಬೇಕು?"

ಮುದುಕ ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದ. "ಹೆಂಡ್ತಿ."

ಪೇದೆ ಯಾವರಿ ಕೆಮ್ಮಿದ. ಆದ್ರೂ ಮುದುಕ ಬಿಡಲಿಲ್ಲ. ಮೊನ್ನೆಯಿಂದ ಬೇರೆ ಆಗಿದ್ದೀವಿ, ಅವಳ ಬಾಗಿಲೇ ಬೇರೆ, ಒಲೆಯೇ ಬೇರೆ, ಎಫ್‌ಐಆರ್‌ನಲ್ಲಿ ಎರಡು ವಿಳಾಸ ಬರೀಲೇಬೇಕು ಅಂತ ಹಟ ಹಿಡಿದ. ವಿಳಾಸ ಬರೆಯೋ ಸಾಲು ಬಂದಾಗ ಯಾವರಿಯ ಭುಜದ ಮೇಲಿಂದ ಬಗ್ಗಿ ನೋಡಿದ. ಓದಲು ಬಾರದವನು, ಸಾಲು ಮಾತ್ರ ಎಣಿಸಿದ.

9.15ಕ್ಕೆ ಸ್ಥಳ ಪರಿಶೀಲನೆ. ಒಂದೇ ಅಂಗಳ, ಎರಡು ಬಾಗಿಲು. ಈ ಕಡೆ ಮನೆ, ಆ ಕಡೆ ಮೊನ್ನೆಮೊನ್ನೆವರೆಗೂ ಕುರಿಗಳಿದ್ದ ಕೊಟ್ಟಿಗೆ. ಕೊಟ್ಟಿಗೆಯ ಒಲೆ ಮೇಲೆ ಕಳುವಾದ ತಪ್ಪಲೆ ರಾಜಾರೋಷವಾಗಿ ಕೂತಿತ್ತು. ಪಕ್ಕದಲ್ಲಿ ಆರೋಪಿ, ಅರವತ್ತಾರರ ಮಾಹ್‌ಸುಲ್ತಾನ್, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಹೂಂ, ಕದ್ದೆ. ಬರ್ಕೋ."

ಪಂಚನಾಮೆಗೆ ಇಬ್ಬರು ಪಂಚರು ಸಾಕು. ಆದ್ರೆ ಊರಿನ ಉಳಿದ ಹದಿನೆಂಟು ಮನೆಯ ಯಜಮಾನರೂ ಕರೆಯದೇನೇ ಬಂದು, ಹೆಬ್ಬೆಟ್ಟಿಗೆ ಶಾಯಿ ಹಚ್ಕೊಂಡು, ಮದುವೆ ಊಟದ ಪಂಕ್ತಿ ಥರ ಸಾಲಾಗಿ ನಿಂತಿದ್ದರು. ಇಪ್ಪತ್ತೈದು ವರ್ಷದ ಸರ್ವಿಸಲ್ಲಿ ಸುತೂದೆಗೆ ಸಾಕ್ಷಿ ಹುಡುಕೋದೇ ಕಷ್ಟ ಆಗಿತ್ತು. ಸಾಕ್ಷಿಗಳೇ ತನ್ನ ಹುಡುಕ್ಕೊಂಡು ಬಂದದ್ದು ಇದೇ ಮೊದಲು.

ಅವನು ಬಗ್ಗಿ ಒಲೆ ಮುಟ್ಟಿದ. ಮಣ್ಣು ಹಸಿ. ಬೂದಿ ಒಂದು ಚಿಟಿಕೆ ಇಲ್ಲ. ತಪ್ಪಲೆಯಲ್ಲಿ ಬರೀ ಗಾಳಿ. ಗಂಡ ಹೆಂಡತಿಯನ್ನ ಬೇರೆ ಬೇರೆ ಕೂರಿಸಿ, ಯಾಕೆ ಬೇರೆ ಆದ್ರಿ ಅಂತ ಕೇಳಿದ. ಗಂಡ ಗೊರಕೆ ಅಂದ. ಹೆಂಡತಿ ಉಪ್ಪು ಅಂದಳು. ಯಾರ ಗೊರಕೆ ಅಂತ ಕೇಳಿದ್ದಕ್ಕೆ ಮುದುಕ ಹೊರಗೆ ಹೋಗಿ ಅವಳನ್ನ ಕೇಳ್ಕೊಂಡು ಬರ್ತೀನಿ ಅಂದ.

"ಜನಗಣತಿಯವರು ಬಂದದ್ದು ಯಾವಾಗ?" ಸೀಮೆಯಲ್ಲೆಲ್ಲ ಆ ವಾರ ಮನೆ ಎಣಿಸ್ತಿದ್ದದ್ದು ನೆನಪಾಗಿ ಸುತೂದೆ ಮಾಹ್‌ಸುಲ್ತಾನ್ ಕಡೆ ತಿರುಗಿದ.

"ನಿನ್ನೆ."

"ಏನಂದ್ರು?"

ಅವಳು ಮುಚ್ಚಿಡಲಿಲ್ಲ. ಇಪ್ಪತ್ತು ಸಂಸಾರ ಇದ್ರೆ ಊರಿಗೆ ಸ್ವಂತ ಪಂಚಾಯತಿ. ಚಿಲುಮೆ ನೀರು ಯಾವ ದಿನ ಯಾರ ಹೊಲಕ್ಕೆ ಅಂತ ಹೇಳೋದು ಆ ಪಂಚಾಯತಿ. ವಸಂತದಲ್ಲಿ ಒಂದು ಮನೆಯವರು ಹಮದಾನ್ ಪೇಟೆಗೆ ಹೋದ್ರು, ಲೆಕ್ಕ ಹತ್ತೊಂಬತ್ತಕ್ಕೆ ಬಂತು. ಹೀಗೇ ಬಿಟ್ರೆ ಸಂಗ್‌ಚೆಶ್ಮೆಯನ್ನ ಪಕ್ಕದೂರು ದೂಲಾಬಾದಿಗೆ ಸೇರಿಸ್ತಾರೆ, ಚಿಲುಮೆ ಇಲ್ಲಿ, ನೀರಿನ ಬೀಗದಕೈ ಅಲ್ಲಿ. ಅದಕ್ಕೇ ಅವಳು ಕುರಿಗಳನ್ನ ಹೊರಹಾಕಿ ಕೊಟ್ಟಿಗೆಗೆ ಬಂದಳು. ಆದ್ರೆ ಗಣತಿ ಮೇಲ್ವಿಚಾರಕಿ ಅದೀಬಿ ಖಾನುಮ್ ಒಲೆ ನೋಡಿ ನಕ್ಕು, ಎರಡು ಸಂಸಾರ ಅಂತ ಸರ್ಕಾರಿ ಕಾಗದ ತನ್ನಿ ಅಂದಿದ್ದಳು.

"ಸರ್ಕಾರಿ ಕಾಗದ ಅಂದ್ರೆ ನಾನು ಅನ್ಕೊಂಡ್ರಾ?"

"ಬೇರೆ ಯಾವ ಆಫೀಸಲ್ಲಿ ಬಂದ ದಿನವೇ ಕಾಗದ ಕೊಡ್ತಾರೆ, ಮಗನೇ?"

ಸುತೂದೆ ನಗು ನುಂಗಿದ. ರಾಜಿ ಮಾಡಿಸ್ತೀನಿ, ತಪ್ಪಲೆ ವಾಪಸ್ ಕೊಡಿ, ಗಂಡ ಹೆಂಡಿರ ಜಗಳ ಅಂತ ಮುಗಿಸ್ತೀನಿ ಅಂತ ಹೇಳಿ ನೋಡಿದ.

"ರಾಜಿ ಬೇಡ. ಒಂದೇ ಮನೇಲಿ ತಪ್ಪಲೆ ತಗೊಂಡ್ರೆ ಅದು ಅಡುಗೆ. ಎರಡು ಮನೆ ಮಧ್ಯ ತಗೊಂಡ್ರೆ ಕಳ್ಳತನ. ನಾನು ಕಳ್ಳಿ. ಅರೆಸ್ಟ್ ಮಾಡು."

ದೂರು ಇತ್ತು, ಮಾಲು ಸಿಕ್ಕಿತ್ತು, ತಪ್ಪೊಪ್ಪಿಗೆಯಂತೂ ಕೇಳೋಕೆ ಮುಂಚೆನೇ ಬಂದಿತ್ತು. ಬಿಡೋಕೆ ಕಾನೂನಲ್ಲಿ ದಾರಿ ಇರಲಿಲ್ಲ. 10.40ಕ್ಕೆ ಬಂಧನ. ಜೀಪು ಹತ್ತುವಾಗ ಊರೇ ಚಪ್ಪಾಳೆ ತಟ್ಟಿತು. ಗಂಡ ಮಾತ್ರ ತಟ್ಟಲಿಲ್ಲ, ಮುಚ್ಚಳ ಹಿಡ್ಕೊಂಡೇ ನಿಂತಿದ್ದ.

ಠಾಣೆಯಲ್ಲಿ ಹೆಂಗಸರ ಲಾಕಪ್ ಇರಲಿಲ್ಲ. ಆರೋಪಿಯನ್ನ ಉಗ್ರಾಣದ ಕೋಣೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. 12.15ಕ್ಕೆ ಸುದ್ದಿ ತಿಳಿದು ಅದೀಬಿ ಖಾನುಮ್ ಬಂದು ಎಫ್‌ಐಆರ್ ಎರಡು ಸಲ ಓದಿದಳು. ಎರಡು ವಿಳಾಸ, ಎರಡು ಬಾಗಿಲು, ಠಾಣೆಯ ಮೊಹರು. ಕುಂದು ಸಿಗಲಿಲ್ಲ. ಪೆನ್ಸಿಲ್ ತೆಗೆದು ಇಪ್ಪತ್ತು ಅಂತ ಬರೆದಳು. ಮಾಹ್‌ಸುಲ್ತಾನ್ ಕಂಬಳಿ ಮೇಲೆ ಸುಲ್ತಾನಳ ಹಾಗೇ ಕಾಲು ಚಾಚಿದಳು.

12.25ಕ್ಕೆ ಖುರ್ಬಾನಲಿ ಬಂದ. ಒಂಬತ್ತು ಕಿಲೋಮೀಟರು ಕತ್ತೆ ಮೇಲೆ, ಕೈಯಲ್ಲಿ ಬಟ್ಟೆಗಂಟು. ಯಾರನ್ನೂ ನೋಡದೆ ಕೋಣೆಯೊಳಗೆ ಹೋಗಿ ಊಟದ ಬಟ್ಟೆ ಹಾಸಿದ. ರೊಟ್ಟಿ, ಗಿಣ್ಣು, ಈರುಳ್ಳಿ. ಅವನಿಗೆ ಹಲ್ಲಿಲ್ಲ. ಅವಳು ರೊಟ್ಟಿ ಮುರಿದು ಗಟ್ಟಿ ಅಂಚನ್ನ ತನ್ನ ಕಡೆ ಇಟ್ಕೊಂಡು, ಮೆತ್ತಗಿನ ನಡುಭಾಗ ಅವನ ಕಡೆ ತಳ್ಳಿದಳು. ಅವನು ಗಿಣ್ಣಿನ ದೊಡ್ಡ ತುಂಡು ಅವಳ ಕಡೆ ತಳ್ಳಿದ. ನಲವತ್ತಾರು ವರ್ಷದಿಂದ ಮಾತಾಡದೇ ಮಾಡ್ತಿದ್ದ ಕೆಲಸ ಅದು.

ಅದೀಬಿ ಬಾಗಿಲಲ್ಲಿ ನಿಂತು ನೋಡಿದಳು. ಗಣತಿ ಪುಸ್ತಕದ ಮೊದಲ ಪುಟದಲ್ಲೇ ಇತ್ತು: ವಾಸ ಒಟ್ಟಿಗೆ, ಖರ್ಚು ಒಟ್ಟಿಗೆ, ಊಟ ಒಟ್ಟಿಗೆ ಇದ್ರೆ ಒಂದು ಸಂಸಾರ.

"ಅಮ್ಮಾ, ನೀವಿಬ್ಬರೂ ಒಂದೇ ಬಟ್ಟೆ ಮೇಲೆ ಉಣ್ತಿದ್ದೀರಿ."

"ಅವನು ಅತಿಥಿ."

"ಅತಿಥಿ ಬುತ್ತಿ ತರಲ್ಲ."

ಮಾಹ್‌ಸುಲ್ತಾನ್ ಬಾಯಲ್ಲಿದ್ದ ತುತ್ತು ಅಗಿದು ನುಂಗಿದಳು. ಬಟ್ಟೆಯಿಂದ ಹಿಂದೆ ಸರಿಯೋಕೆ ಜಾಗ ಇತ್ತು. ಸರಿಯಲಿಲ್ಲ. ಗಂಡನಿಗೆ ಈರುಳ್ಳಿ ಒಡೆದು ಕೊಟ್ಟಳು.

ಪೆನ್ಸಿಲಿನ ಹಿಂಬದಿಯ ರಬ್ಬರು ಕೆಲಸ ಮಾಡಿತು. ಹತ್ತೊಂಬತ್ತು.

ಸುತೂದೆ ತಲೆ ಕೆರೆದುಕೊಂಡ. ಸಂಸಾರ ಒಂದೇ ಅಂದ್ಮೇಲೆ ಕಳ್ಳತನವೂ ಇಲ್ಲ, ಕೇಸೂ ಇಲ್ಲ. ಎದ್ದು ಮನೆಗೆ ನಡೀರಿ ಅಂದ.

"ಕೇಸಿಲ್ದೆ ನಾನು ಏಳಲ್ಲ," ಅಂದಳು ಮಾಹ್‌ಸುಲ್ತಾನ್. "ದೂಲಾಬಾದಿನವರು ಬಂದು ಬೀಗದಕೈ ಕೇಳಲಿ. ಚಿಲುಮೆ ಯಾರ ಊರಲ್ಲಿದೆ ಅಂತ ಇಲ್ಲಿಂದಲೇ ಹೇಳ್ತೀನಿ."

1.10ಕ್ಕೆ ಠಾಣೆಯ ದಿನಚರಿಯಲ್ಲಿ ಯಾವರಿ ಬರೆದ: ಆರೋಪಿ ಬಿಡುಗಡೆಗೆ ಒಪ್ಪುತ್ತಿಲ್ಲ, ಆಕೆಯ ಗಂಡನೂ ಏಳುತ್ತಿಲ್ಲ. ಅಪರಾಧದ ಉದ್ದೇಶ ಅನ್ನೋ ಖಾನೆ ಖಾಲಿ ಇತ್ತು. ಸುತೂದೆ ಪೆನ್ನು ತಗೊಂಡು, ಅಲ್ಲಿ ತಾನೇ ಬರೆದ: "ನೀರು."