ನೆಕ್ಕುಗಲ್ಲು

ಬಿಸಿಲು ಏರುವ ಮುಂಚೆ ಜಿಂಕೆಗಳಿಗೆ ಉಪ್ಪಿನ ನೆನಪಾಗುತ್ತದೆ. ತಾರೇಬೋರೆಯ ದೊಡ್ಡಿಯಲ್ಲಿ ಅಂದೂ ಅವು ಒಂದರ ಹಿಂದೊಂದು ಬಂದು, ಗೂಟದ ಮೇಲೆ ಕೂರಿಸಿದ್ದ ಬಿಳಿಯ ಕಲ್ಲನ್ನು ನೆಕ್ಕಿ ಹೋದವು. ರುಬ್ಬುಗುಂಡಿನಷ್ಟು ಗಾತ್ರದ ಆ ಕಲ್ಲು, ಜಿಂಕೆ ನಾಲಿಗೆ ಚಾಚಿದಾಗಲೆಲ್ಲ ಅದರ ಕಿವಿಯ ಗುರುತಿನ ಬಿಲ್ಲೆಯನ್ನು ಓದಿಕೊಳ್ಳುತ್ತಿತ್ತು. ಅಷ್ಟು ಬಿಟ್ಟರೆ ನೋಡುವವರಿಗೆ ಕಾಣುವಂಥದ್ದು ಏನೂ ನಡೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ನೆತ್ತಿಯಲ್ಲಿ ನೇರಳೆಹಣ್ಣು ಜಜ್ಜಿದಂಥ ಕಲೆಯೊಂದು ಮೂಡಿತು. ದೊಡ್ಡಿ ನೋಡಿಕೊಳ್ಳುತ್ತಿದ್ದ ಶಿವಮಲ್ಲಮ್ಮ, ಯಾವುದೋ ಹಕ್ಕಿಯ ಹಿಕ್ಕೆಯೆಂದುಕೊಂಡು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ನೀರು ಹಾಕಿ ಉಜ್ಜಿದಳು. ಕಲೆ ಇನ್ನೂ ಅಗಲವಾಯಿತು.

ಅದೇ ಹೊತ್ತಿಗೆ ಮೈಸೂರಿನ ಪ್ರಯೋಗಾಲಯದಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಡಾಕ್ಟರ್ ದಾಕ್ಷಾಯಿಣಿಯ ಫೋನಿಗೆ ಆ ಕಲ್ಲಿನಿಂದ ಸುದ್ದಿ ಬಂತು. ಕಲ್ಲನ್ನು ಕಂಡುಹಿಡಿದವಳು ಅವಳೇ. ನಾಲ್ಕು ವರ್ಷಗಳಿಂದ ರಾಜ್ಯದ ಜಿಂಕೆ ದೊಡ್ಡಿಗಳಲ್ಲೆಲ್ಲ ಅಂಥ ಕಲ್ಲುಗಳಿದ್ದವು. ಇದುವರೆಗೆ ಒಂದೂ ಬಣ್ಣ ಬದಲಿಸಿರಲಿಲ್ಲ. ತನ್ನ ಕೆಲಸ ಸರಿಯೆಂದು ತೋರಿಸಿಕೊಡುವ ದಿನಕ್ಕಾಗಿ ಅವಳು ಕಾದಿದ್ದದ್ದು ನಿಜ. ಆ ದಿನ ಬಂದಾಗ ಮಾತ್ರ ಉಣ್ಣದೆ ಡಬ್ಬಿ ಮುಚ್ಚಿಟ್ಟು ಎದ್ದಳು.

ಜಿಂಕೆಯ ಎಳೆಗೊಂಬಿನಿಂದ ಮೂಳೆಸವೆತಕ್ಕೆ ಔಷಧಿ ಮಾಡಬಹುದೆಂದು ಗೊತ್ತಾದ ಮೇಲೆ ಕಾನೂನು ಸಡಿಲವಾಗಿ, ಕಾಡಿನಂಚಿನ ಊರುಗಳಲ್ಲಿ ದೊಡ್ಡಿಗಳು ಹುಟ್ಟಿಕೊಂಡಿದ್ದವು. ಗುಂಡ್ಲುಪೇಟೆಯಿಂದ ದಕ್ಷಿಣಕ್ಕಿರುವ ತಾರೇಬೋರೆಯದು ಹೆಂಗಸರ ಸಂಘವೊಂದರ ದೊಡ್ಡಿ. ಹೆಂಗಸರು ದನದ ಗೊಂತಿಗೆ ಸೊಪ್ಪು ಹಾಕಿದಷ್ಟೇ ಸಲೀಸಾಗಿ ಜಿಂಕೆ ಸಾಕುವುದನ್ನು ಕಲಿತಿದ್ದರು. ಜಿಂಕೆಗಳ ಹಿಂದೆಯೇ ಸೊರಗುರೋಗದ ಭಯವೂ ಬಂತು. ದೂರದ ದೇಶಗಳಲ್ಲಿ ಕಾಡುಗಳನ್ನೇ ಬರಿದು ಮಾಡಿದ ಕಾಯಿಲೆಯದು. ಅದಕ್ಕೆ ಕಾರಣ ಹುಳುವಲ್ಲ, ವೈರಸ್ಸೂ ಅಲ್ಲ. ಮೈಯೊಳಗಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಳ್ಳುತ್ತದೆ, ಅಷ್ಟೇ. ಸೀರೆಯ ಒಂದು ನೆರಿಗೆ ತಪ್ಪಿದರೆ ಮುಂದಿನವೂ ತಪ್ಪುತ್ತ ಹೋಗುವ ಹಾಗೆ, ಅದನ್ನು ಮುಟ್ಟಿದ ಒಳ್ಳೆಯ ಪ್ರೋಟೀನುಗಳೂ ಅದರಂತೆಯೇ ಮಡಚಿಕೊಳ್ಳುತ್ತವೆ. ಕೊನೆಗೆ ಮಿದುಳು ಸ್ಪಂಜಿನಂತಾಗುತ್ತದೆ. ದಾಕ್ಷಾಯಿಣಿ ಈ ಕೇಡನ್ನೇ ಬಳಸಿಕೊಂಡು ರೋಗ ಪತ್ತೆಹಚ್ಚುವ ಪರೀಕ್ಷೆಯೊಂದನ್ನು ರೂಪಿಸಿದ್ದಳು. ಪ್ರಯೋಗಾಲಯದಲ್ಲಿ ತಯಾರಿಸಿದ ಒಳ್ಳೆಯ ಪ್ರೋಟೀನಿಗೆ ಬಣ್ಣ ಕಟ್ಟಿ ಉಪ್ಪುಗಲ್ಲಿನೊಳಗೆ ಇಟ್ಟಳು. ನೆಕ್ಕಿದ ಜಿಂಕೆಯ ಜೊಲ್ಲಿನಲ್ಲಿ ಒಂದೇ ಒಂದು ಕೆಟ್ಟ ನೆರಿಗೆಯಿದ್ದರೂ ಒಳಗಿನದೆಲ್ಲ ಮಡಚಿಕೊಂಡು ಬಣ್ಣ ಹೊರಗೆ ಬರುತ್ತಿತ್ತು.

ದೊಡ್ಡಿಗಳ ನಿಯಮ ಬರೆದ ಸಮಿತಿಯಲ್ಲೂ ಅವಳಿದ್ದಳು. ಒಳಗಿನ ಜಿಂಕೆಯ ಮೂತಿ ಕಾಡಿನ ಜಿಂಕೆಯ ಮೂತಿಗೆ ತಾಕದಂತೆ ಎರಡು ಸುತ್ತು ಬೇಲಿ ಇರಬೇಕು. ದೊಡ್ಡಿಯಿಂದ ದೊಡ್ಡಿಗೆ ಜಿಂಕೆ ಸಾಗಿಸುವಂತಿಲ್ಲ. ಕಲ್ಲು ಬಣ್ಣಕ್ಕೆ ತಿರುಗಿದರೆ ವಾರದೊಳಗೆ ಆ ದೊಡ್ಡಿಯ ಅಷ್ಟೂ ಜಿಂಕೆಗಳನ್ನು ಕೊಲ್ಲಬೇಕು. ಕೊನೆಯದಕ್ಕೆ ಹಲವರು ತಕರಾರೆತ್ತಿದಾಗ ಹಟ ಹಿಡಿದು ಉಳಿಸಿದವಳೂ ಅವಳೇ.

ಸಂಜೆಗೆ ಅವಳು ತಾರೇಬೋರೆ ತಲುಪಿದಾಗ ಶಿವಮಲ್ಲಮ್ಮ ಗೇಟಿನಲ್ಲೇ ನಿಂತಿದ್ದಳು. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು.

"ಬನ್ನಿ ಡಾಕ್ಟ್ರವ್ವ. ನಿಮ್ ಕಲ್ಲು ಕೆಟ್ಟೋಗದೆ. ಬ್ಯಾರೆ ತಂದ್ರಾ?"

"ಕಲ್ಲು ಕೆಟ್ಟಿಲ್ಲ ಅಕ್ಕ."

ದಾಕ್ಷಾಯಿಣಿ ಕೈ ತೋರಿದ ಕಡೆ ಶಿವಮಲ್ಲಮ್ಮ ತಿರುಗಿದಳು. ಕಲ್ಲು ಯಾವ ಬಿಲ್ಲೆಯನ್ನು ಹೇಳಿತ್ತೋ ಆ ಗಂಡುಜಿಂಕೆ ಹತ್ತಿರದಲ್ಲೇ ಮೇಯುತ್ತಿತ್ತು. ಸಾಗಣೆ ನಿಲ್ಲಿಸುವ ನಿಯಮ ಬರುವುದಕ್ಕೆ ಸ್ವಲ್ಪ ಮುಂಚೆ ಹೊರರಾಜ್ಯದಿಂದ ಲಾರಿಯಲ್ಲಿ ಬಂದದ್ದು ಅದು.

"ನೋಡ್ರವ್ವ, ಮೈ ತುಂಬ್ಕಂಡು ಹೆಂಗ್ ಮಿಂಚ್ತಾ ಅದೆ. ಇದ್ಕೆ ಕಾಯಿಲೆಯಾ?"

"ಈಗ ಕಾಣಲ್ಲ. ಇನ್ನೂ ಒಂದೆರಡು ವರ್ಷ ಹೀಗೇ ಚೆನ್ನಾಗಿರುತ್ತೆ. ಅಷ್ಟರಲ್ಲಿ ಅದರ ಜೊಲ್ಲು, ಉಚ್ಚೆ, ಹಿಕ್ಕೆ ಬಿದ್ದಲ್ಲೆಲ್ಲ ರೋಗ ಮಣ್ಣಿಗಿಳಿಯುತ್ತೆ. ಬಿಸಿಲಿಗೆ ಸಾಯಲ್ಲ, ಮಳೆಗೆ ಹೋಗಲ್ಲ."

"ಅಂಗಾರೆ ಅದೊಂದ್ನ ತಗದ್ಬುಡಿ. ನಾನು ಮನಸ್ ಗಟ್ಟಿ ಮಾಡ್ಕತೀನಿ."

ದಾಕ್ಷಾಯಿಣಿ ಬೇಲಿಯ ಕಂಬ ಹಿಡಿದುಕೊಂಡಳು. "ಅದೊಂದನ್ನೇ ಅಲ್ಲ ಅಕ್ಕ. ಎಲ್ಲವನ್ನೂ."

"ಮಿಕ್ಕವೇನ್ ಮಾಡಿದ್ದೊ? ಅವ್ಕೂ ಬಂದದಾ?"

"ಕೆಲವಕ್ಕೆ ಬಂದಿರಬಹುದು, ಕೆಲವಕ್ಕೆ ಇಲ್ಲದೆಯೂ ಇರಬಹುದು. ಕಲ್ಲಿಗೆ ಗೊತ್ತಾಗುವ ಹೊತ್ತಿಗೆ ಅವು ಬೇರೆಯವಕ್ಕೆ ದಾಟಿಸಿರುತ್ತವೆ. ಅದಕ್ಕೇ ಕಾಯೋ ಹಾಗಿಲ್ಲ. ಸೋಮವಾರ ತಂಡ ಬರುತ್ತೆ. ಪರಿಹಾರ ಕೊಡ್ತಾರೆ, ಅದರಲ್ಲಿ ಕಡಿಮೆ ಆಗಲ್ಲ."

"ಪರಿಹಾರ," ಎಂದಳು ಶಿವಮಲ್ಲಮ್ಮ. ಆ ಮಾತು ಯಾವ ಭಾಷೆಯದೆಂದು ತಿಳಿಯದವಳ ಹಾಗೆ.

ಕತ್ತಲಾಗುವ ಮುಂಚೆ ದಾಕ್ಷಾಯಿಣಿ ಹೊರಟಳು. ಕಾರು ತಿರುಗಿಸುವಾಗ ಶಿವಮಲ್ಲಮ್ಮ ಮೊಣಕಾಲೂರಿ ಕೂತು, ಒಂದು ಮರಿಯ ಕಿವಿಯಿಂದ ಉಣ್ಣೆಹುಳು ಕೀಳುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ಇನ್ನು ನಾಲ್ಕು ದಿನಕ್ಕೆ ಸಾಯುವ ಮರಿಯ ಉಣ್ಣೆ. ದಾಕ್ಷಾಯಿಣಿ ಇಳಿದು ಹೋಗಿ ಅವಳ ಪಕ್ಕ ಕೂರಬೇಕೆಂದುಕೊಂಡಳು. ಆದರೆ ಮಾರನೆಯ ದಿನಕ್ಕೆ ವರದಿ ಸಿದ್ಧವಾಗಬೇಕಿತ್ತು.

ಭಾನುವಾರ ಅರಣ್ಯಾಧಿಕಾರಿ ಉತ್ತಯ್ಯ ಫೋನು ಮಾಡಿದ. "ಮೇಡಂ, ದೊಡ್ಡಿ ಖಾಲಿ. ಎರಡೂ ಗೇಟು ತೆಗೆದಿದೆ."

ಅವಳು ಬಂದಾಗ ಶಿವಮಲ್ಲಮ್ಮ ಬರಿದಾದ ಮೇವಿನ ಬಾನಿಯ ಪಕ್ಕ ಕೂತಿದ್ದಳು. ಸಂಘದ ಉಳಿದ ಹೆಂಗಸರು ದೂರದಲ್ಲಿ ಗುಂಪಾಗಿ ನಿಂತಿದ್ದರು.

"ಯಾರು ತೆಗೆದದ್ದು?"

"ನಾನೇ. ಇವ್ರ ಯಾರ್ನೂ ಕೇಳ್ಬ್ಯಾಡಿ."

"ಏನು ಮಾಡಿದಿರಿ ಅಂತ ಗೊತ್ತಾ ಅಕ್ಕ?" ದಾಕ್ಷಾಯಿಣಿಯ ದನಿ ತಾನಾಗಿ ಏರಿತು. "ಆ ಕಾಡಲ್ಲಿ ಸಾವಿರಾರು ಜಿಂಕೆ ಇವೆ! ಅವನ್ನ ಉಳಿಸೋಕೆ ಅಂತಲೇ ಅಲ್ಲವಾ ಇಷ್ಟೆಲ್ಲ ಮಾಡಿದ್ದು?"

"ಕಾಡ್ಗೇ ತಾನೆ ಬುಟ್ಟಿದ್ದು? ಕಟುಕ್ರಿಗೆ ಮಾರ್ಲಿಲ್ಲ. ಅಲ್ಲಿಂದ ಬಂದೊ, ಅಲ್ಲಿಗೋದೊ. ಬದುಕೋವು ಬದುಕ್ಲಿ ಅಂದೆ." ಶಿವಮಲ್ಲಮ್ಮ ತಲೆಯೆತ್ತಿ ಅವಳನ್ನೇ ನೋಡಿದಳು. "ನಿಮ್ ಕಲ್ಲು ಬಣ್ಣ ತಿರುಗ್ದೆ ಇದ್ದಿದ್ರೆ ಅವಿವತ್ತು ಬೇಲಿ ಒಳ್ಗೇ ಇರ್ತಿದ್ದೊ, ಡಾಕ್ಟ್ರವ್ವ."

ದಾಕ್ಷಾಯಿಣಿ ತೆರೆದ ಗೇಟುಗಳತ್ತ ತಿರುಗಿದಳು. ಕಲ್ಲು ಮೂಕವಾಗಿದ್ದರೆ ರೋಗ ಎರಡು ಬೇಲಿಗಳ ಒಳಗೆ ನಿಧಾನವಾಗಿ ಬೆಳೆಯುತ್ತಿತ್ತು, ನಿಜ. ಆದರೆ ಒಳಗೇ ಬೆಳೆಯುತ್ತಿತ್ತು. ಬೇಲಿಯ ಎತ್ತರ, ತಂತಿಯ ದಪ್ಪ, ಹೂಳುವ ಗುಂಡಿಯ ಆಳ, ಎಲ್ಲವೂ ನಿಯಮದಲ್ಲಿದ್ದವು. ಕೊಲ್ಲುವವರು ಬರುವವರೆಗೆ ದೊಡ್ಡಿಯಲ್ಲಿ ಕಾದು ಕೂರಬೇಕಾದವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಉತ್ತಯ್ಯ ಡ್ರೋನು ಹಾರಿಸಿ ನೋಡಿದ್ದ. ಜಿಂಕೆಗಳು ಕಾಡಿನಂಚಿನ ಕೆರೆಯ ಬಳಿಯಲ್ಲೇ ಇದ್ದವು. "ಗುಂಡು ಹಾರಿಸಿದರೆ ಎರಡು ಮೂರು ಬೀಳುತ್ತವೆ. ಉಳಿದವು ಕಾಡಿನೊಳಕ್ಕೆ ಓಡುತ್ತವೆ. ಆಮೇಲೆ ದೇವರೇ ಗತಿ" ಎಂದ.

ದಾಕ್ಷಾಯಿಣಿ ಶಿವಮಲ್ಲಮ್ಮನ ಪಕ್ಕ ನೆಲದ ಮೇಲೆ ಕೂತಳು. ಫೋನು ತೆಗೆದು, ದೂರದೇಶದ ಕಾಡೊಂದರಲ್ಲಿ ತೆಗೆದಿದ್ದ ವಿಡಿಯೋ ಹಾಕಿದಳು. ಪಕ್ಕೆಲುಬು ಎಣಿಸಬಹುದಾದಂಥ ಜಿಂಕೆಯೊಂದು ಹಳ್ಳದ ನೀರಿನಲ್ಲಿ ನಿಂತಿತ್ತು. ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಕುಡಿಯುವುದಕ್ಕೆ ತಲೆ ಬಗ್ಗಿಸುತ್ತದೆ, ಏಕೆ ಬಗ್ಗಿಸಿದೆನೆಂದು ಮರೆತಂತೆ ಹಾಗೇ ನಿಲ್ಲುತ್ತದೆ. ಸುತ್ತ ತಿರುಗುತ್ತದೆ. ಪಕ್ಕದಲ್ಲಿ ಜನರ ಮಾತು ಕೇಳಿಸುತ್ತಿದ್ದರೂ ಅದು ಹೆದರುವುದಿಲ್ಲ. ಶಿವಮಲ್ಲಮ್ಮ ಕೊನೆಯವರೆಗೂ ನೋಡಿದಳು.

"ಹೆದ್ರುಕೇನೂ ಮರ್ತೋಯ್ತದಾ?" ಎಂದು ಕೇಳಿದಳು.

"ಹೂಂ."

"ಕಾಡ್ನವ್ಕೂ ಹಿಂಗೇ ಆಯ್ತದಾ?"

"ಇವತ್ತಲ್ಲ. ಮೂರು ವರ್ಷಕ್ಕೆ, ನಾಲ್ಕು ವರ್ಷಕ್ಕೆ. ಆಮೇಲೆ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ."

ಶಿವಮಲ್ಲಮ್ಮ ಫೋನನ್ನು ಮಗುಚಿ ನೆಲದ ಮೇಲಿಟ್ಟಳು. ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನಾನ್ ಕೂಗುದ್ರೆ ಬತ್ತವೆ."

ಮಾರನೆಯ ಸಂಜೆ ಎರಡೂ ಗೇಟುಗಳನ್ನು ತೆರೆದಿಟ್ಟರು. ಬಾನಿಗೆ ಹುರುಳಿಯ ನುಚ್ಚು ಸುರಿದರು. ತಂಡದವರನ್ನು ಶೆಡ್ಡಿನ ಹಿಂದೆ ಕೂರಿಸಿ, ದಾಕ್ಷಾಯಿಣಿ ಮತ್ತು ಉತ್ತಯ್ಯ ಗೇಟಿನ ಹಗ್ಗ ಹಿಡಿದು ನಿಂತರು. ಶಿವಮಲ್ಲಮ್ಮ ಪಕ್ಕದ ಎತ್ತರದ ಬೋರೆಯ ಮೇಲೆ ಹತ್ತಿ ನಿಂತು, ಕೈ ಬಾಯಿಗೆ ಅಡ್ಡ ಹಿಡಿದು, "ಬಾ... ಬಾಯೋ... ಬಾ..." ಎಂದು ಉದ್ದಕ್ಕೆ ಎಳೆದು ಕೂಗಿದಳು. ಲಂಟಾನದ ಪೊದೆಗಳು ಅಲುಗಾಡಲಿಲ್ಲ. ಮತ್ತೆ ಕೂಗಿದಳು. ಮೂರನೆಯ ಸಲ ಕೂಗುವಾಗ ದನಿ ಒಡೆಯಿತು. ಆಗ ಹೆಣ್ಣುಜಿಂಕೆಯೊಂದು ಪೊದೆಯಿಂದ ತಲೆ ಹೊರಗೆ ಹಾಕಿತು. ಅದರ ಹಿಂದೆ ಇನ್ನೊಂದು. ಹೊರಗೆ ಬಂದಾದ ಮೇಲೆ ಅವು ಓಡುತ್ತಲೇ ಬಂದವು. ಮನೆಗೆ ಬರುವ ದನಗಳು ಬರುವ ಹಾಗೆ.

ಉತ್ತಯ್ಯ ಪಿಸುಗುಟ್ಟಿದ. "ಮೇಡಂ, ಹಿಂದೆ ಬರ್ತಿರೋವನ್ನ ನೋಡಿ. ಬಿಲ್ಲೆ ಇಲ್ಲ."

ದೊಡ್ಡಿಯ ಜಿಂಕೆಗಳ ನಂಬಿಕೆಯನ್ನು ನಂಬಿ ಐದಾರು ಕಾಡುಜಿಂಕೆಗಳೂ ಬಂದಿದ್ದವು. ಗೇಟಿನ ಬಳಿ ಒಂದು ಗಳಿಗೆ ನಿಂತು, ಗಾಳಿ ಮೂಸಿ, ಉಳಿದವು ನೆಕ್ಕುತ್ತಿದ್ದ ಬಾನಿಯನ್ನು ನೋಡಿ ಒಳಗೆ ಬಂದವು.

"ಅವನ್ನ ಹೊರಗೆ ಓಡಿಸೋಣ್ವಾ?"

ಎರಡು ದಿನ ಒಂದೇ ಕೆರೆಯ ನೀರು ಕುಡಿದಿದ್ದವು. ಈಗ ಒಂದೇ ಬಾನಿಗೆ ಮೂತಿಯಿಟ್ಟಿದ್ದವು. ಅವಕ್ಕೆ ರೋಗ ತಗುಲಿರದ ಸಾಧ್ಯತೆಯೇ ಹೆಚ್ಚೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಹೆಚ್ಚೆಂಬುದು ಸಾಲದೆಂದೂ ಗೊತ್ತಿತ್ತು. ಹದಿನೈದು ವರ್ಷ ಯಾವ ಜಿಂಕೆಗಳಿಗಾಗಿ ದುಡಿದಿದ್ದಳೋ ಅವು ಅವಳ ಮುಂದೆ ಕಿವಿ ಅಲ್ಲಾಡಿಸುತ್ತ ನಿಂತಿದ್ದವು. ಅವಳು ಹಗ್ಗ ಎಳೆದಳು. ಗೇಟು ಮುಚ್ಚಿಕೊಂಡಿತು.

ಶಿವಮಲ್ಲಮ್ಮ ಬೋರೆಯಿಂದ ಇಳಿಯಲೇ ಇಲ್ಲ. ಕೆಲಸ ಮುಗಿಯುವವರೆಗೂ ಬೆನ್ನು ಹಾಕಿ ಕೂತಿದ್ದಳು. ದೊಡ್ಡಿಯ ಏಳು ಜಿಂಕೆಗಳು ಮಾತ್ರ ಅವಳು ಕರೆದರೂ ಬಂದಿರಲಿಲ್ಲ. ಅಂದೂ ಸಿಗಲಿಲ್ಲ, ಆಮೇಲೆ ತಿಂಗಳುಗಟ್ಟಲೆ ಹುಡುಕಿದರೂ ಸಿಗಲಿಲ್ಲ.

ಆಮೇಲೆ ನಿಯಮ ಬದಲಾಯಿತು. ಬದಲಾಯಿಸಿದ್ದು ದಾಕ್ಷಾಯಿಣಿಯೇ. ಕಲ್ಲು ಬಣ್ಣಕ್ಕೆ ತಿರುಗಿದ ಗಳಿಗೆಯಿಂದ ದೊಡ್ಡಿಯವರ ಜೊತೆಯಲ್ಲಿ ಒಬ್ಬರು ಇರಲೇಬೇಕು, ಅವರನ್ನು ಒಂಟಿಯಾಗಿ ಬಿಡಕೂಡದು ಎಂಬ ಸಾಲು ಸೇರಿತು. ಹೊಸ ದೊಡ್ಡಿಗಳಿಗೆ ಪರವಾನಗಿ ನಿಂತಿತು. ಕಾಡಿನೊಳಗೂ ನೆಕ್ಕುಗಲ್ಲುಗಳನ್ನು ಇಟ್ಟರು. ಸಮಿತಿಯ ಹಿರಿಯರೊಬ್ಬರು ಅದಕ್ಕೆ ಒಪ್ಪಿರಲಿಲ್ಲ. "ಕಾಡಿಗೆ ಗೇಟಿಲ್ಲ ತಾಯಿ. ಅಲ್ಲಿ ಬಣ್ಣ ಬಂದರೆ ಏನು ಮಾಡುತ್ತೀರಿ? ಗೊತ್ತಿಲ್ಲದೆ ಇರುವುದೇ ವಾಸಿ" ಎಂದಿದ್ದರು. ಎರಡು ಮಳೆಗಾಲ ಕಲ್ಲುಗಳು ಬೆಳ್ಳಗೇ ಇದ್ದವು. ಮೂರನೆಯ ಮಳೆಗಾಲದಲ್ಲಿ, ಕೆರೆಯಿಂದ ಬಹು ದೂರದ ಕಣಿವೆಯಲ್ಲಿ, ಒಂದಕ್ಕೆ ನೇರಳೆ ಕಲೆ ಬಂತು. ನೆಕ್ಕಿದ ಜಿಂಕೆಗೆ ಬಿಲ್ಲೆಯಿರಲಿಲ್ಲ.

ಸುದ್ದಿಯನ್ನು ಬಚ್ಚಿಡಲು ದಾಕ್ಷಾಯಿಣಿ ಒಪ್ಪಲಿಲ್ಲ. ಪತ್ರಿಕೆಗಳಿಗೆ ಹೇಳುವ ಮೊದಲು ತಾರೇಬೋರೆಗೆ ಬಂದು ಶಿವಮಲ್ಲಮ್ಮನಿಗೆ ಹೇಳಿದಳು. ಹಾಳುಬಿದ್ದ ದೊಡ್ಡಿಯ ಮಣ್ಣಿನಲ್ಲಿ ಇನ್ನೂ ಎಷ್ಟು ವರ್ಷ ರೋಗವಿರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮೇಯುವವರಿಲ್ಲದೆ ಒಳಗೆ ಹುಲ್ಲು ಸೊಂಟದೆತ್ತರ ಬೆಳೆದು, ಕಾಡಿನ ಜಿಂಕೆಗಳು ದಿನಾ ಬೇಲಿಯ ಹೊರಗೆ ಬಂದು ನಿಲ್ಲುತ್ತಿದ್ದವು. ಅವನ್ನು ಅಟ್ಟುವುದು ಈಗ ಶಿವಮಲ್ಲಮ್ಮನ ಕೆಲಸ. ಯಾರೂ ಹೇಳದೆ ತಾನೇ ಹಚ್ಚಿಕೊಂಡದ್ದು.

ಸುದ್ದಿ ಕೇಳಿ ಅವಳು ಅಳಲಿಲ್ಲ. "ಆ ಏಳ್ರಿಂದ್ಲಾ?"

"ಹೇಳೋಕಾಗಲ್ಲ ಅಕ್ಕ. ಇರಬಹುದು. ಬೇರೆ ಎಲ್ಲಿಂದಲೋ ಬಂದಿರಲೂಬಹುದು."

"ಆ ಕಲ್ಲ ನೀವು ಮೂವತ್ ವರ್ಸ ಮುಂಚೆ ಮಾಡಿದ್ರೆ ಇದೆಲ್ಲ ಆಯ್ತಿರ್ಲಿಲ್ವೇನೊ."

"ಆಗ ಕಲ್ಲೇ ಬೇಕಿರಲಿಲ್ಲ. ಆಗ ಇಲ್ಲಿ ದೊಡ್ಡಿಯೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಜಿಂಕೆ ಸಾಕಬಹುದಾ ಬೇಡವಾ ಅಂತ ಬರೀ ಮಾತಾಡ್ತಿದ್ದ ಕಾಲ. ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು."

"ಏನಂತ?"

"ಹಿಡಿದು ಸಾಕಿದ ಮೇಲೆ, ನಾಳೆ ಇವು ನಮಗೆ ಬೇಡವಾದರೆ ಎಲ್ಲಿಗೆ ಕಳಿಸೋದು ಅಂತ."

"ಯಾರೂ ಕೇಳ್ಲಿಲ್ವಾ?"

"ಕೇಳೋಕೆ ಬೇಕಾದಷ್ಟು ಕಾಲ ಇತ್ತು ಅಕ್ಕ. ಅದಕ್ಕೇ ಯಾರಿಗೂ ಅವಸರ ಕಾಣಲಿಲ್ಲ."

ಮಾತಾಡುತ್ತಿರುವಾಗಲೇ ಹೊರಬೇಲಿಯ ಆಚೆ ಒಂದು ಹಿಂಡು ಬಂದು ನಿಂತಿತ್ತು. ಮಳೆಗೆ ತೊಯ್ದ ಚುಕ್ಕೆಗಳು ಹೊಳೆಯುತ್ತಿದ್ದವು. ಯಾವುದಕ್ಕೆ ರೋಗವಿದೆ, ಯಾವುದಕ್ಕಿಲ್ಲ ಎಂದು ಹದಿನೆಂಟು ವರ್ಷ ಅದನ್ನೇ ಓದಿದವಳಿಗೂ ನೋಡಿ ಹೇಳಲಾಗುತ್ತಿರಲಿಲ್ಲ. ಶಿವಮಲ್ಲಮ್ಮ ಎದ್ದು, ಚಪ್ಪಾಳೆ ತಟ್ಟಿ "ಹೋ! ಹೋಗಿ! ಹೋ!" ಎಂದು ಕೂಗುತ್ತ ಬೇಲಿಯತ್ತ ನಡೆದಳು. ಜಿಂಕೆಗಳು ನಾಲ್ಕು ನೆಗೆತ ಹಿಂದಕ್ಕೆ ಸರಿದು, ಅಲ್ಲೇ ನಿಂತು, ಒಳಗಿನ ಹುಲ್ಲನ್ನೇ ನೋಡತೊಡಗಿದವು.