ಹಿಡಿಕೆಯ ಪಕ್ಕದ ಹೂವು

ಗೇಟು ದಾಟಿದ ಉನ್ಹಾ ಅಲ್ಲೇ ನಿಂತುಬಿಟ್ಟಳು.

ಅಮ್ಮನ ಕೋಣೆಯ ಕಾಗದದ ಬಾಗಿಲು ಅಂಗಳದ ಗೋಡೆಗೆ ಒರಗಿತ್ತು. ಅದರ ಮೈಮೇಲೆ ಕಾಗದದ ಒಂದು ಚೂರೂ ಇಲ್ಲ. ಬರೀ ಮರದ ಚೌಕಟ್ಟು... ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಪಕ್ಕದಲ್ಲಿ ಒದ್ದೆ ಕುಂಚ ಹಿಡಿದು ಕೂತಿದ್ದವನು ತೇಯಿಲ್.

ಇವನನ್ನು ಮರೆತಿದ್ದೇನೆ ಅಂದುಕೊಂಡಿದ್ದೆನಲ್ಲ...

"ಪರಂಪರೆ ಇಲಾಖೆ ಸಾಹೇಬ್ರು ಕೆಲಸ ಚೆನ್ನಾಗೇ ಮಾಡ್ತಿದ್ದೀರಿ," ಎಂದಳು.

ಅವನು ಎದ್ದು ನಿಂತ.

ಹಂಚಿನ ಮನೆಯನ್ನು ನೋಡಿಕೊಳ್ಳಲು ಆಗದೆ ಅಮ್ಮ ಅದನ್ನು ಇಲಾಖೆಗೆ ಬಿಟ್ಟುಕೊಟ್ಟಿದ್ದರು. ಅಳತೆಗೆಂದು ಬಂದ ತೇಯಿಲ್ ದಿನಾ ಅಮ್ಮನ ಕೈಯ ಸೋಯಾ ಸಾರು ಉಣ್ಣುತ್ತಾ ಉಣ್ಣುತ್ತಾ ಉನ್ಹಾಳ ಮನಸ್ಸನ್ನೂ ಗೆದ್ದಿದ್ದ. ತಾಯಿ ಮಗಳು ಮನೆ ಬಿಟ್ಟು ಹೊರಟ ದಿನ ಅವನು ಮಾತು ಕೊಟ್ಟಿದ್ದ: "ಅಮ್ಮನ ಬಾಗಿಲು ಹೀಗೇ ಇರುತ್ತೆ."

ಆ ಚಳಿಗಾಲದಲ್ಲೇ ಅಮ್ಮ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ತೀರಿಕೊಂಡರು. ಅಮ್ಮನಿಂದ ಮನೆ ಬಿಡಿಸಿದವನು ಇವನೇ ಅನ್ನಿಸಿ, ಉನ್ಹಾ ಮತ್ತೆಂದೂ ಅವನ ಫೋನ್ ಎತ್ತಲಿಲ್ಲ.

ಇವತ್ತು, ಹಿರಿಯರನ್ನು ನೆನೆಯುವ ಚುಸೊಕ್ ಹಬ್ಬಕ್ಕೆ ಮುಂಚೆ ಅಮ್ಮನ ಸಮಾಧಿಯ ಹುಲ್ಲು ಕೊಯ್ದು ನೇರ ಇಲ್ಲಿಗೆ ಬಂದಿದ್ದಳು. ಬಾಗಿಲಿನ ಹಿಡಿಕೆಯ ಪಕ್ಕ, ಎರಡು ಕಾಗದಗಳ ನಡುವೆ ಅಮ್ಮ ಅಂಟಿಸಿಟ್ಟ ಕಾಸ್ಮೊಸ್ ಹೂವನ್ನು ಒಮ್ಮೆ ನೋಡಲು.

"ಹೂವು ಎಲ್ಲಿ?"

"ಉಳೀಲಿಲ್ಲ, ಉನ್ಹಾ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿದಿತ್ತು. ಹಾಗೇ ಬಿಟ್ಟಿದ್ರೆ ಮರವೂ ಕೆಡ್ತಿತ್ತು. ಹುಷಾರಾಗಿ ಬಿಡಿಸೋಕೆ ನೋಡ್ದೆ... ಬೆರಳಲ್ಲೇ ಪುಡಿಯಾಯ್ತು."

ಒಂದು ಸುಳ್ಳಾದರೂ ಹೇಳಬಾರದಿತ್ತೇ! ಉನ್ಹಾ ಜಗಲಿಯ ಮೇಲೆ ಕುಸಿದು ಕೂತಳು. ಸಮಾಧಿಯ ಬಳಿ ಬಾರದ ಅಳು ಈಗ ಬಂತು.

ಅಂಗಳದ ಮೂಲೆಯಲ್ಲಿ ಕಾಗದ ಹಚ್ಚಲು ಗಂಜಿಯಂಟು ಕಲಸುತ್ತಿದ್ದ ನೆರೆಮನೆಯ ಗ್ಯೊಂಗ್ಜಾ ಅಜ್ಜಿ ತಲೆ ಎತ್ತಲಿಲ್ಲ. "ಅಳು ತಾಯಿ, ಅತ್ತುಬಿಡು. ಆದ್ರೆ ಅವನನ್ನ ಬೈಬೇಡ. ಬೇರೆ ಬಾಗಿಲಿಗೆಲ್ಲ ಹೋದ ತಿಂಗಳೇ ಹೊಸ ಕಾಗದ ಹಚ್ಚಿ ಮುಗೀತು. ಇದೊಂದನ್ನ ನೀನು ಬರ್ಲಿ ಅಂತ ಹಬ್ಬದವರೆಗೂ ಉಳಿಸಿಕೊಂಡು ಮೇಲಿನವರ ಹತ್ರ ಉಗಿಸಿಕೊಂಡ. ನೀನೋ, ಫೋನೇ ಎತ್ತದ ಮಹಾರಾಣಿ."

ಉನ್ಹಾ ಕಣ್ಣೊರೆಸಿಕೊಂಡಳು. ಕ್ಷಮೆ ಕೇಳೋಕೆ ಫೋನ್ ಮಾಡ್ತಾನೆ ಅಂದುಕೊಂಡಿದ್ದೆ... ಇದಕ್ಕೆ ಕರೆಯೋಕಾ?

ತೇಯಿಲ್ ಒಳಗಿನಿಂದ ಒಂದು ದಪ್ಪ ಪುಸ್ತಕ ತಂದು ಬಿಡಿಸಿದ. ಹಾಳೆಗಳ ನಡುವೆ ಒತ್ತಿ ಒಣಗಿಸಿದ ತಿಳಿಗುಲಾಬಿ ಕಾಸ್ಮೊಸ್.

"ಅಮ್ಮನ ಗಿಡದ್ದೇ. ಬೀಜ ತಾನಾಗೇ ಉದುರಿ ಗೋಡೆ ಪಕ್ಕ ಎದ್ದಿದೆ. ಬಾಗಿಲಿಗೆ ಹೂವುಗೀವು ಬೇಡ ಅಂದ್ರು ಆಫೀಸಲ್ಲಿ. ಮನೆ ಇಲಾಖೆ ಕೈಗೆ ಬಂದಾಗ ಹೇಗಿತ್ತೋ ಹಾಗೇ ಕಾಯ್ಬೇಕು ಅನ್ನೋದು ಅವರದೇ ನಿಯಮ, ಆಗ ಹೂವಿತ್ತು ಅಂದೆ. ಜಗಳ ಆಡಿ ಆಡಿ ಒಪ್ಪಿಸ್ದೆ."

"ಮತ್ತೆ ನೀನೇ ಇಡ್ಬಹುದಿತ್ತಲ್ಲ, ನನಗ್ಯಾಕೆ ಕಾದೆ?"

"ಅಮ್ಮ ಇಟ್ಟ ಜಾಗದಲ್ಲಿ ಇಡೋಕೆ ನನಗೆ ಕೈ ಬರ್ಲಿಲ್ಲ."

ಅವನು ಅಂಟು ಸವರಿ ಮೊದಲ ಕಾಗದ ಹಾಸಿದ. ಉನ್ಹಾ ಹಿಡಿಕೆಯ ಪಕ್ಕ ಹೂವಿಟ್ಟಳು. ಅದರ ಮೇಲೆ ಇನ್ನೊಂದು ಕಾಗದ ಹೊದಿಸುವಾಗ ಇಬ್ಬರ ಬೆರಳುಗಳು ತಾಗಿದವು. ಅವಳು ಕೈ ಹಿಂದೆಗೆಯಲಿಲ್ಲ.

ಇದು ಅಮ್ಮ ಮುಟ್ಟಿದ ಹೂವಲ್ಲ. ಆ ಹೂವು ಇನ್ನೆಂದೂ ಬರುವುದಿಲ್ಲ...

ಅಜ್ಜಿ ಹೊರಟುಹೋದಳು. ಮಳೆಗೆ ತೇವ ಹಿಡಿದಿದ್ದ ಕೋಣೆ ಒಣಗಲೆಂದು ತೇಯಿಲ್ ಅದನ್ನು ಬೆಚ್ಚಗಿಡುವ ನೆಲದಡಿಯ ಒಲೆ ಹಚ್ಚಿದ. ಜಗಲಿ ಮೆಲ್ಲಗೆ ಪೈನ್ ಹೊಗೆಯ ವಾಸನೆ ಹಿಡಿಯಿತು, ಅಮ್ಮನ ಬಟ್ಟೆಗಿದ್ದಂಥ ವಾಸನೆ. ಸಂಜೆ ಬಿಸಿಲಿಗೆ ಕಾಗದ ಬಿಗಿಯಾಗುತ್ತಾ ಬಂತು. ಅದರೊಳಗೆ ಹೂವು ತಿಳಿಯಾಗಿ ಮೂಡಿತು.

"ಮುಂದೆ ಇದನ್ನೂ ಕಿತ್ತು ಹಾಕ್ತೀಯಾ?" ಉನ್ಹಾ ಕೇಳಿದಳು.

"ಬೂಷ್ಟು ಬಂದ್ರೆ ಕೀಳ್ಲೇಬೇಕು."

"ಸುಳ್ಳು ಹೇಳೋಕೆ ನಿನಗೆ ಯಾವತ್ತೂ ಬರಲ್ವಾ?"

"ನಿನ್ನ ಹತ್ರ ಬರಲ್ಲ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಹಾಗಾದ್ರೆ ಆಗ್ಲೂ ಹೂವು ನಾನೇ ಇಡ್ತೀನಿ."

"ಫೋನ್ ಮಾಡಿದ್ರೆ ಎತ್ತುತ್ತೀಯಾ?"

"ಫೋನ್ ಯಾಕೆ... ಪಕ್ಕದಲ್ಲೇ ಇರ್ತೀನಲ್ಲ."