ಬಾಗಿಲ ಬಳಿಯ ಬೂಟುಗಳು

ಪ್ರಣತಿ ಪ್ಲಾಸ್ಟರ್ ಕುದುರೆಯ ಹಿಂದೆ ಅಡಗಿ ನಿಂತು, ಎಡಗಾಲಿನ ಮೇಲೆ ಬಲಗಾಲನ್ನು ಇಟ್ಟುಕೊಂಡಳು. ಎಡಗಾಲಿನ ಸಾಕ್ಸ್‌ನಲ್ಲಿ ತೂತಿತ್ತು. ಅದರಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಇಡೀ ಕ್ಲಾಸಿನಲ್ಲಿ ಶೂ ಇಲ್ಲದವಳು ಅವಳೊಬ್ಬಳೇ.

ಆದದ್ದು ಇಷ್ಟು. ವಿಂಡಮ್ ವೇಲ್‌ನಿಂದ ಹೊರಟ ಸ್ಕೂಲ್ ಬಸ್ಸು ಈ ಕೌಬಾಯ್ ಮ್ಯೂಸಿಯಮ್ಮಿನ ಮುಂದೆ ನಿಂತಾಗ ಪ್ರಣತಿ ಎಲ್ಲರಿಗಿಂತ ಕೊನೆಗೆ ಇಳಿದಳು. ಬಾಗಿಲ ಬಳಿ ಬೂಟುಗಳ ಉದ್ದ ಸಾಲು ಕಂಡಿತು. ಮೈಸೂರಿನಿಂದ ಮೊನ್ನೆ ಮೊನ್ನೆ ಈ ದೇಶಕ್ಕೆ ಬಂದ ಹುಡುಗಿ ಬೇರೇನು ಮಾಡಿಯಾಳು? ತನ್ನ ಕಪ್ಪು ಶೂಗಳನ್ನು ಬಿಚ್ಚಿ, ಸಾಲಿನ ತುದಿಯಲ್ಲಿ ಜೋಡಿಸಿಟ್ಟು ಒಳಗೆ ಬಂದಳು.

ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಶೂ ಇದ್ದವು. ವಾಪಸ್ ಹೋಗೋಣವೆಂದರೆ ಟೀಚರ್ ಬಾಗಿಲಿಗೇ ಅಡ್ಡ ನಿಂತಿದ್ದರು. ಕಿಟಕಿಯಿಂದ ಹಣಕಿದಳು. ಬೂಟುಗಳ ಹಿಂದೆ, ಬರುವ ಅವಸರದಲ್ಲಿ ಅವಳು ಗಮನಿಸದ 'ಮುಟ್ಟಬೇಡಿ' ಎಂಬ ಬೋರ್ಡಿತ್ತು. ಅವು ಯಾರೋ ಬಿಟ್ಟು ಬಂದವಲ್ಲ, ಮ್ಯೂಸಿಯಮ್ಮಿನವೇ.

ಮ್ಯೂಸಿಯಂ ನಡೆಸುವ ಹೇಝೆಲ್ ಅಜ್ಜಿ ಕರು ಅಗಿದ ಟೋಪಿ, ಹಗ್ಗ, ಮುಳ್ಳುತಂತಿಯ ತುಂಡುಗಳನ್ನೆಲ್ಲ ತೋರಿಸುತ್ತಿದ್ದರು. ಕುದುರೆ ಮೇಲೆ ಕೂತು ದನ ಅಟ್ಟುವವರನ್ನು ಇಲ್ಲಿ ಸ್ಟಾಕ್‌ಮನ್ ಅನ್ನುತ್ತಾರಂತೆ. ಹೊರಗೆ ಕೌಬಾಯ್ ಅಂತ ಬರೆದರೇನೇ ಮಕ್ಕಳು ಬರುವುದಂತೆ. ಎಲ್ಲರೂ ನಕ್ಕರು. ಪ್ರಣತಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಜೋಯೆಲ್ ಕುದುರೆಯ ಬಾಲ ನೋಡಲು ಹಿಂದೆ ಬಂದ. ಕ್ಲಾಸಿನಲ್ಲಿ ಕನ್ನಡ ಅರ್ಥವಾಗುವ ಇನ್ನೊಬ್ಬನೆಂದರೆ ಅವನೇ. ಅಪ್ಪ ಅಮ್ಮ ಮಂಗಳೂರಿನವರು. ಆದರೆ ಸ್ಕೂಲಿನಲ್ಲಿ ಅವನು ಕನ್ನಡದಲ್ಲಿ ಒಂದು ಮಾತೂ ಆಡಿದವನಲ್ಲ.

"ವೇರ್ ಆರ್ ಯುವರ್ ಶೂಸ್?" ಎಂದ.

"ಹೊರಗೆ ಬಿಟ್ಟೆ. ಯಾರಿಗೂ ಹೇಳ್ಬೇಡ ಕಣೋ, ಪ್ಲೀಸ್."

ಜೋಯೆಲ್ ಫಕ್ಕನೆ ನಕ್ಕ. ಆಮೇಲೆ ಗೆಳೆಯರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. ಅವರೂ ನಕ್ಕರು. ಹೇಳಿಯೇಬಿಟ್ಟ ಎಂದುಕೊಂಡಳು ಪ್ರಣತಿ. ನಾಳೆಯಿಂದ ಸ್ಕೂಲಿಗೆ ಹೋಗುವುದಾದರೂ ಹೇಗೆ?

ಹೇಝೆಲ್ ಅಜ್ಜಿ ಎಲ್ಲರನ್ನೂ ಹೊರಗೆ ಕರೆದೊಯ್ದರು. ಪ್ರಣತಿ ಎಲ್ಲರ ಹಿಂದೆ ಉಳಿದಳು. ನೋಡಲು ಉಳಿದದ್ದು ಬೂಟುಗಳು ಮಾತ್ರ. ಅಜ್ಜಿ ಸಾಲಿನುದ್ದಕ್ಕೂ ನಡೆದು, ತುದಿಯಲ್ಲಿ ಗಕ್ಕನೆ ನಿಂತರು. ದೊಡ್ಡ ದೊಡ್ಡ ಬೂಟುಗಳ ಪಕ್ಕದಲ್ಲಿ ಪುಟ್ಟ ಕಪ್ಪು ಶೂಗಳು ಕೂತಿದ್ದವು.

ಯಾರದಿದು ಎಂದು ಟೀಚರ್ ಕೇಳಿದರು. ಯಾರೋ ಕಿಸಕ್ಕೆಂದರು. ಪ್ರಣತಿ ಜೋಯೆಲ್ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ; ಅವನ ಗೆಳೆಯರು ಯಾರದೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದರು. ಹಾಗಾದರೆ ಅವನು ಹೇಳಿರಲಿಲ್ಲ, ಪಿಸುಗುಟ್ಟಿದ್ದು ಬೇರೇನೋ.

ಪ್ರಣತಿ ಮೆಲ್ಲಗೆ ಕೈ ಎತ್ತಿದಳು. ಎಲ್ಲರೂ ಬಿಟ್ಟಿದ್ದರಲ್ಲ, ಅದಕ್ಕೇ ತಾನೂ ಬಿಟ್ಟೆ ಎಂದು ಇಂಗ್ಲಿಷಿನಲ್ಲಿ ತಡವರಿಸಿ ಹೇಳುವಾಗ ಕಣ್ಣು ತುಂಬಿಬಂತು.

ಹೇಝೆಲ್ ಅಜ್ಜಿ ಅವಳ ಸಾಕ್ಸ್ ನೋಡಿದರು. ಆಮೇಲೆ ಧೂಳು ಮೆತ್ತಿದ ತಮ್ಮ ಬೂಟುಗಳನ್ನೂ ನೋಡಿಕೊಂಡರು.

"ಇದು ಈ ಬೂಟಿನ ಸ್ಟಾಕ್‌ಮನ್‌ಗಳೆಲ್ಲ ಊಟ ಮಾಡ್ತಿದ್ದ ಮನೆ," ಎಂದರು. "ನಮ್ಮಮ್ಮ ಇಲ್ಲಿ ಅಡುಗೆ ಮಾಡ್ತಿದ್ಲು. ಬೂಟು ಬಿಚ್ಚದೆ ಒಳಗೆ ಬಂದ್ರೆ ಯಾರಿಗೂ ಊಟ ಇಲ್ಲ. ಈಗ ನನ್ನ ನೋಡಿದ್ರೆ ಪೊರಕೆ ತಗೊಂಡು ಅಟ್ಟಿಸಿಕೊಂಡು ಬರ್ತಿದ್ಲು."

ಈ ಸಲ ಎಲ್ಲರೂ ಅಜ್ಜಿಯ ಬೂಟು ನೋಡಿ ನಕ್ಕರು. ಅಜ್ಜಿಯೂ ನಕ್ಕರು. ಬಸ್ಸಿನ ಹಾರ್ನ್ ಕೇಳಿ ಮಕ್ಕಳು ಓಡಿದರು.

ಪ್ರಣತಿ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡಳು. ಜೋಯೆಲ್ ಮಾತ್ರ ಹೋಗದೆ ಪಕ್ಕದಲ್ಲಿ ನಿಂತಿದ್ದ. ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದ: "ಶೂ ಹಾಕಿಕೊಂಡು ಒಳಗೆ ಬರಲು ನನ್ನ ಮಮ್ಮಿಯೂ ಬಿಡುವುದಿಲ್ಲ ಮಾರಾಯ್ತಿ."

ಅವಳು ಶೂ ತೆಗೆದ ಜಾಗದ ಪಕ್ಕದಲ್ಲಿ ಹಳೆಯ ಬೂಟೊಂದು ವಾಲಿ ಬಿದ್ದಿತ್ತು. ಹಿಮ್ಮಡಿ ಸವೆದ ಬೂಟು. ಅದರ ಯಜಮಾನನೂ ಇಲ್ಲೇ ನಿಂತು, ಒಳಗಿನ ಅಡುಗೆಯ ವಾಸನೆ ಹೀರುತ್ತ, ಒಂಟಿ ಕಾಲಲ್ಲಿ ಕುಣಿಯುತ್ತ ಇದನ್ನು ಎಳೆದು ಬಿಚ್ಚಿರಬೇಕು. ಅವನ ಸಾಕ್ಸ್‌ನಲ್ಲೂ ತೂತಿತ್ತೋ ಏನೋ.

'ಮುಟ್ಟಬೇಡಿ' ಬೋರ್ಡು ಅಲ್ಲೇ ಇತ್ತು. ಪ್ರಣತಿ ಬಗ್ಗಿ ಆ ಬೂಟನ್ನು ಎತ್ತಿ, ಅದರ ಜೋಡಿಯ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಬಸ್ಸಿನ ಕಡೆ ನಡೆದಳು.